ಬನಶಂಕರಿಯ ಬನದಲ್ಲಿ ಚಿರತೆ



ಮನುಷ್ಯನನ್ನು ತಿನ್ನುವ ಪ್ರಾಣಿ ಎಂದೊಡನೆ ಪಟ್ಟಣಿಗರಿಗೆ ನೆನಪಾಗುವುದು 1975ರ ‘ಜಾಸ್’ ಚಿತ್ರದ ಬಿಳಿ ಶಾರ್ಕ್. ಆರು ಮೀಟರಿನವರೆಗೂ ಬೆಳೆಯುವ ಈ ಮೀನು ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ಕ್ಯಾಲಿಫೋರ್ನಿಯಗಳ ತಂಪು ಕಡಲಿನದು. ಎಲ್ಲ ಜಾತಿಯ ಶಾರ್ಕ್‌ಗಳೂ ಸೇರಿ ವರ್ಷಕ್ಕೆ ಕೊಲ್ಲುವ ಜನರ ಸಂಖ್ಯೆ ಹತ್ತರ ಆಸುಪಾಸು. ಮನುಷ್ಯನ ಬಲೆಗೆ ಬಿದ್ದು ಸಾಯುವ ಶಾರ್ಕ್‌ಗಳು ಕೋಟಿಗಟ್ಟಲೆ.

ಕಡಲಿಲ್ಲದ ದಕ್ಷಿಣ ಬೆಂಗಳೂರಿನಲ್ಲಿ ಇಂಥದೇ ಭಯಕ್ಕೆ ಗುರಿಯಾಗಿರುವುದು ಚಿರತೆ. ಬನಶಂಕರಿ ಎಂಬ ಹೆಸರಿನಲ್ಲೇ ಬನವಿದೆ. 6ನೇ ಹಂತದ ಆಚೆಗೆ ತುರಹಳ್ಳಿ ಕಾಡು, ಅದರ ನೆರೆಯಲ್ಲಿ ಒಂದು ಕಾಲಕ್ಕೆ ದನ ಮೇಯಲೆಂದು ಬಿಟ್ಟ ಕಾವಲ್‌ಗಳು, ಇನ್ನೂ ತೆಂಕಕ್ಕೆ 1974ರಲ್ಲಿ ಘೋಷಣೆಯಾದ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ. ಹೊಳೆಮತ್ತಿ ನೇಚರ್ ಫೌಂಡೇಶನ್ 2025ರಲ್ಲಿ ಪ್ರಕಟಿಸಿದ ಕ್ಯಾಮೆರಾ ಸಮೀಕ್ಷೆಯ ಅಂದಾಜಿನಂತೆ ನಗರದ ಸುತ್ತಮುತ್ತ 80ರಿಂದ 85 ಚಿರತೆಗಳಿವೆ.

ಗಂಡು ಚಿರತೆಯ ತೂಕ ಸಾಮಾನ್ಯವಾಗಿ 50ರಿಂದ 70 ಕಿಲೋ. ಹೆಣ್ಣು ಇನ್ನೂ ಚಿಕ್ಕದು. ಹುಲಿಯಂತೆ ಅದಕ್ಕೆ ದಟ್ಟ ಕಾಡೇ ಬೇಕೆಂದಿಲ್ಲ. ಅಡಗಲು ಬಂಡೆ ಪೊದೆಗಳು, ಹಸಿವಿಗೆ ಮೊಲ, ಹಂದಿ, ಮೇಕೆ, ನಾಯಿ ಸಿಕ್ಕರೆ ಸಾಕು. ಬಡಾವಣೆಯ ಅಂಚಿನಲ್ಲಿ ಕಸ ಸುರಿದರೆ ಬೀದಿನಾಯಿ ಹೆಚ್ಚುತ್ತವೆ. ನಾಯಿಗಳ ಬೆನ್ನಿಗೆ ಚಿರತೆ ಬರುತ್ತದೆ. ಹಗಲೆಲ್ಲ ಮಲಗಿ, ಊರು ಮಲಗಿದ ಮೇಲೆ ಓಡಾಡುವುದರಿಂದ ಅದರ ಸುಳಿವೇ ಸಿಗುವುದಿಲ್ಲ.

ಹಾಗೆಂದು ಅದು ಸಾಧುಪ್ರಾಣಿಯಲ್ಲ. ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಕೊನೆ ಮತ್ತು 2023ರ ಆರಂಭದಲ್ಲಿ ಚಿರತೆಗೆ ಜನ ಬಲಿಯಾದರು. ಆ ಮನೆಗಳ ಸಂಕಟವನ್ನು ಅಂಕಿಅಂಶ ತೂಗಲಾರದು. ಆದರೆ ನಗರದಲ್ಲಿ ಅನಾಹುತವಾಗುವುದು ಹೆಚ್ಚಾಗಿ ದಾರಿತಪ್ಪಿದ ಪ್ರಾಣಿ ದಿಕ್ಕುಗಾಣದಾದಾಗ. 2016ರ ಫೆಬ್ರವರಿ 7ರ ಭಾನುವಾರ ಕುಂದಲಹಳ್ಳಿಯ ಶಾಲೆಯೊಂದಕ್ಕೆ ನುಗ್ಗಿದ ಚಿರತೆ, ಹಿಡಿಯಲು ಹೋದವರನ್ನು ಗಾಯಗೊಳಿಸಿತು. ಅವರಲ್ಲಿ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿಯೂ ಒಬ್ಬರು. 2023ರ ಅಕ್ಟೋಬರ್ ಕೊನೆಯಲ್ಲಿ ಸಿಂಗಸಂದ್ರ, ಕೂಡ್ಲು ಕಡೆಗಳಲ್ಲಿ ಕಾಣಿಸಿಕೊಂಡ ಚಿರತೆಯನ್ನು ನವೆಂಬರ್ 1ರಂದು ಹಿಡಿಯಲಾಯಿತು. ಕಾರ್ಯಾಚರಣೆಯಲ್ಲಿ ಗಾಯಗಳಾದವು. ಅದೇ ದಿನ ಅದು ಸತ್ತಿತು.

ಹಿಡಿದು ದೂರ ಬಿಟ್ಟರೆ ತೀರಿತೆನ್ನುವಂತಿಲ್ಲ. ತೆರವಾದ ಜಾಗಕ್ಕೆ ಮತ್ತೊಂದು ಬರಬಹುದು. ಬಿಟ್ಟದ್ದು ಹೊಸ ನೆಲದಲ್ಲಿ ದಿಕ್ಕುಗೆಡಬಹುದು. ಕಸ ವಿಲೇವಾರಿ, ಅಂಚಿನ ಬೀದಿಗಳಿಗೆ ದೀಪ, ಇರುಳಲ್ಲಿ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡದಿರುವುದು, ಮುಖ್ಯವಾಗಿ ಚಿರತೆ ಕಂಡಾಗ ಗುಂಪುಗೂಡದಿರುವುದು – ಪರಿಹಾರವಿರುವುದು ಇಷ್ಟು ಸಾಮಾನ್ಯ ಸಂಗತಿಗಳಲ್ಲಿ.

ಊರು ಬೆಳೆದು ಬನದ ಬಾಗಿಲಿಗೆ ಬಂದಿದೆ. ತುರಹಳ್ಳಿಯ ಬಂಡೆಯ ಮೇಲೆ ಚಿರತೆ ಕೂತಿದ್ದರೆ, ಅದು ಕೂತಿರುವುದು ತನ್ನ ಮನೆಯಂಗಳದಲ್ಲಿ.