ಔಷಧಿಗೆ ಮಣಿಯದ ರೋಗಾಣುಗಳು

ಬಳಗಾನೂರಿನ ಹಾಗೂ ಸುತ್ತಲಿನ ಗ್ರಾಮಗಳ ದಂಪತಿಗಳೇ,

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರು ನೀವು. ಒಂದೇ ಕೀಟನಾಶಕವನ್ನು ಮೇಲಿಂದ ಮೇಲೆ ಸಿಂಪಡಿಸಿದರೆ ಕಂದು ಜಿಗಿಹುಳು ಅದಕ್ಕೆ ಜಗ್ಗದಂತಾಗುವುದನ್ನು ನೀವು ಬಲ್ಲಿರಿ. ದುರ್ಬಲವಾದವು ಸಾಯುತ್ತವೆ, ಸಾಯದೆ ಉಳಿದವು ಸಂತಾನ ಬೆಳೆಸುತ್ತವೆ. ರೋಗಾಣುಗಳಲ್ಲಿಯೂ ನಡೆಯುವುದು ಇದೇ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ, ಸಾಲದಷ್ಟು ಪ್ರಮಾಣದಲ್ಲಿ ಔಷಧಿ ಸೇವಿಸಿದರೆ ರೋಗಾಣುಗಳು ಅದನ್ನು ಎದುರಿಸಿ ನಿಲ್ಲಬಲ್ಲವೆಂದು 1945ರಲ್ಲಿ ಎಚ್ಚರಿಸಿದ್ದರು.

ಹೆರಿಗೆಗಾಗಿ ಸಿಂಧನೂರಿಗೋ ರಾಯಚೂರಿಗೋ ಹೋದ ಬಾಣಂತಿಗೆ ಜ್ವರ ಬಂದರೆ, ಇಲ್ಲವೆ ಕೂಸು ಹಾಲು ಕುಡಿಯದೆ ಮಂಕಾದರೆ, ವೈದ್ಯರು ರಕ್ತದ ಮಾದರಿ ತೆಗೆಯುವುದುಂಟು. ಪ್ರಯೋಗಶಾಲೆಯಲ್ಲಿ ಅದರೊಳಗಿನ ರೋಗಾಣುವನ್ನು ಬೆಳೆಸಿ, ಬೇರೆ ಬೇರೆ ಔಷಧಿ ಹಚ್ಚಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಅದರ ಮೇಲಿಡುತ್ತಾರೆ. ಬಿಲ್ಲೆಯ ಸುತ್ತ ಸಾಕಷ್ಟು ಅಗಲದ ತೆರವು ಮೂಡಿದರೆ ಆ ಔಷಧಿ ನಾಟುವುದೆಂದೂ, ರೋಗಾಣು ಬಿಲ್ಲೆಯ ಅಂಚಿನವರೆಗೆ ಬೆಳೆದರೆ ನಾಟದೆಂದೂ ತಿಳಿಯುತ್ತದೆ.

ಈ ಫಲಿತಾಂಶಕ್ಕೆ ಎರಡು ಮೂರು ದಿನಗಳು ಬೇಕು. ಜ್ವರವೇರಿದ ಕೂಸು ಅಷ್ಟು ದಿನ ಕಾಯಲಾರದು. ಆದುದರಿಂದ ಹಿಂದಿನ ಫಲಿತಾಂಶಗಳನ್ನು ವಿಭಾಗವಾರು ಬರೆದಿಟ್ಟುಕೊಂಡು, ಮೊದಲು ಕೊಡಬೇಕಾದ ಔಷಧಿಯನ್ನು ವೈದ್ಯರು ನಿರ್ಧರಿಸುತ್ತಾರೆ. ಹೆರಿಗೆ ವಾರ್ಡು, ಶಸ್ತ್ರಚಿಕಿತ್ಸಾ ವಾರ್ಡು, ನವಜಾತ ಶಿಶು ಘಟಕ, ತೀವ್ರ ನಿಗಾ ಘಟಕ ಇವುಗಳ ಲೆಕ್ಕ ಬೇರೆ ಬೇರೆಯಾಗಿರಬೇಕು. ಪ್ರಬಲ ಔಷಧಿಗಳು ಹೆಚ್ಚು ಬಳಕೆಯಾಗುವ ತೀವ್ರ ನಿಗಾ ಘಟಕದಲ್ಲಿ ಹಟಮಾರಿ ರೋಗಾಣುಗಳು ಸಾಮಾನ್ಯವಾಗಿ ಅಧಿಕ. ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಕೂಡಿಸಿದರೆ ದಾರಿ ತಪ್ಪುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2013ರಲ್ಲಿ ಇಂತಹ ನಿಗಾವಣೆಯ ಜಾಲವನ್ನು ರಾಷ್ಟ್ರಮಟ್ಟದಲ್ಲಿ ಆರಂಭಿಸಿತು.

ಆಸ್ಪತ್ರೆಯ ಈ ಎಚ್ಚರಕ್ಕೆ ಮನೆಯ ಎಚ್ಚರವೂ ಕೂಡಬೇಕು. ಮಾದರಿಗೆಂದು ತೆಗೆಯುವ ರಕ್ತ ಅತ್ಯಲ್ಪ. ಅದರಿಂದ ಕೂಸು ಸೊರಗುವುದೆಂಬ ಅಂಜಿಕೆ ಬೇಡ. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆಯಿದ್ದರೆ ವೈದ್ಯರ ಚೀಟಿಯಿಲ್ಲದೆ ಅದನ್ನು ಕೊಳ್ಳಬೇಡಿರಿ. 2016ರಿಂದ ಸರ್ಕಾರವು ಈ ಗುರುತಿನ ಅರ್ಥವನ್ನು ಜನರಿಗೆ ತಿಳಿಸುತ್ತ ಬಂದಿದೆ. ಸಾಮಾನ್ಯ ನೆಗಡಿಗೆ ಕಾರಣ ವೈರಸ್ಸು. ಅದಕ್ಕೆ ಆಂಟಿಬಯೋಟಿಕ್ ನಾಟದು. ವೈದ್ಯರು ಹೇಳಿದಷ್ಟು ದಿನ, ಹೇಳಿದ ಪ್ರಮಾಣದಲ್ಲಿ ಔಷಧಿ ಸೇವಿಸಿರಿ. ಒಬ್ಬರಿಗೆ ಬರೆದುಕೊಟ್ಟ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿರಿ. ಹಿಂದೆ ಸೇವಿಸಿದ ಔಷಧಿಯ ಚೀಟಿಯನ್ನು ಆಸ್ಪತ್ರೆಗೆ ತಪ್ಪದೆ ಒಯ್ಯಿರಿ.

ಬಾಣಂತಿಯನ್ನೂ ಕೂಸನ್ನೂ ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ನೋಡಲು ಬರುವ ಬಂಧುಗಳಿಗೂ ಇದನ್ನು ಸಂಕೋಚವಿಲ್ಲದೆ ತಿಳಿಸಿರಿ. ಕೂಸು ಹಾಲು ಬಿಟ್ಟರೆ, ಮೈ ಬಿಸಿಯೇರಿದರೆ ಅಥವಾ ತಣ್ಣಗಾದರೆ, ಉಸಿರಾಟ ವೇಗವಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಗಂಡಹೆಂಡಿರಿಬ್ಬರೂ ಕೂಡಿ ಈ ನಿಯಮಗಳನ್ನು ಪಾಲಿಸಿದರೆ, ನಿಮ್ಮ ಕೂಸಿಗೆ ಔಷಧಿ ಬೇಕಾದ ದಿನ ಅದು ನಾಟುವ ಸಂಭವ ಹೆಚ್ಚುವುದು.