ಹದಿಹರೆಯದ ಮಕ್ಕಳಿಗೆ ನಿದ್ದೆಯೂ ಬೇಕು, ಆಟವೂ ಬೇಕು

(ಮಹಿಳಾ ಸ್ವಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳು)



ಸಂಘದ ಸಭೆ ಅಂದ್ರೆ ಉಳಿತಾಯ, ಸಾಲ, ಕಂತು, ಇಷ್ಟರಲ್ಲೇ ಹೊತ್ತು ಹೋಗಿಬಿಡುತ್ತದೆ. ಇವತ್ತು ನಮ್ಮ ಮನೆಯಲ್ಲಿರುವ ಹದಿಹರೆಯದ ಮಕ್ಕಳ ಬಗ್ಗೆ, ಅದರಲ್ಲೂ ಹೆಣ್ಣುಮಕ್ಕಳ ಬಗ್ಗೆ ಸ್ವಲ್ಪ ಮಾತಾಡೋಣ.

ಹೋದ ತಿಂಗಳು ಒಂದು ಸಂಘದಲ್ಲಿ ಒಬ್ಬ ತಾಯಿ, "ನಮ್ಮ ಹುಡುಗಿ 9ನೇ ಕ್ಲಾಸು. ಶಾಲೆಯಲ್ಲಿ ತೂಕಡಿಸ್ತಾಳಂತೆ, ಟೀಚರ್ ಹೇಳಿಕಳಿಸಿದ್ರು. ಬರೀ ಸೋಮಾರಿ ಆಗಿದಾಳೆ" ಎಂದು ಬೇಸರಪಟ್ಟರು. ಎಷ್ಟೊತ್ತಿಗೆ ಮಲಗ್ತಾಳೆ ಅಂತ ಕೇಳಿದೆ. ಪಾತ್ರೆ ತೊಳೆದು, ಹೋಂವರ್ಕ್ ಮುಗಿಸುವಾಗ ರಾತ್ರಿ 11. ಬೆಳಗಿನ ಜಾವ 4.30ಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆ, ಹಿಡಿಯುವವಳು ಅವಳೇ. ಅವಳ ಅಣ್ಣ? "ಅವನು 7 ಗಂಟೆಗೆ ಏಳ್ತಾನೆ, ಗಂಡುಹುಡುಗ ಅಲ್ವಾ" ಎಂದರು. ಎಲ್ಲರೂ ನಕ್ಕೆವು. ಆಮೇಲೆ ಯಾರೂ ಮಾತಾಡಲಿಲ್ಲ.

ಲೆಕ್ಕ ಹಾಕಿ ನೋಡಿ. ಆ ಹುಡುಗಿಗೆ ಸಿಕ್ಕಿದ್ದು 5.30 ಗಂಟೆ ನಿದ್ದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ವೈದ್ಯರು. ದಿನಾ ಎರಡೂವರೆ ಗಂಟೆ ಸಾಲ ಬೆಳೀತಾ ಇದೆ, ನಾವು ಅವಳನ್ನು ಸೋಮಾರಿ ಅಂತೀವಿ.

ಇನ್ನೊಂದು ವಿಷಯ ಗೊತ್ತಿರಲಿ. ಮಕ್ಕಳು ದೊಡ್ಡವರಾಗುವ ವಯಸ್ಸಿನಲ್ಲಿ ಮಿದುಳಿನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಎಂಬ ರಸ ರಾತ್ರಿ ತಡವಾಗಿ ಹೊರಡುತ್ತದೆ. ಚಿಕ್ಕವರಿದ್ದಾಗ 8.30ಕ್ಕೆ ನಿದ್ದೆ ಬರುತ್ತಿದ್ದ ಮಗುವಿಗೆ ಈಗ 10 ಗಂಟೆಯಾದರೂ ಬರುವುದಿಲ್ಲ. ಅದು ಮೈಯ ಗುಣ, ಹಟ ಅಲ್ಲ. ಅದರ ಮೇಲೆ ಮೊಬೈಲಿನ ಬೆಳಕು, ಸಂಜೆ ಓದುವಾಗ ಕುಡಿಯುವ ಟೀ, ಎರಡೂ ನಿದ್ದೆಯನ್ನು ಇನ್ನೂ ದೂರ ತಳ್ಳುತ್ತವೆ. ಮೊಬೈಲ್ ಅಂದ ಕೂಡಲೇ ನೀವೆಲ್ಲ ತಲೆ ಆಡಿಸಿದಿರಿ. ಆದರೆ ಒಂದೇ ಕೋಣೆಯ ಮನೆಯಲ್ಲಿ ರಾತ್ರಿ 10.30ರ ತನಕ ಧಾರಾವಾಹಿ ನೋಡುವವರು ಯಾರು ತಾಯಂದಿರೇ?

ಎಸ್.ಎಸ್.ಎಲ್.ಸಿ. ಮಕ್ಕಳನ್ನು 4 ಗಂಟೆಗೆ ಎಬ್ಬಿಸಿ ಓದಿಸುವುದು ನಮ್ಮ ಕಡೆ ದೊಡ್ಡ ಅಭ್ಯಾಸ. ಕೆಲವು ಕಡೆ ಮೇಷ್ಟ್ರುಗಳೇ ಫೋನ್ ಮಾಡಿ ಎಬ್ಬಿಸುತ್ತಾರೆ, ಅವರ ಕಾಳಜಿ ದೊಡ್ಡದು. ಆದರೆ ಹಗಲು ಓದಿದ್ದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುವುದು ನಿದ್ದೆಯಲ್ಲೇ. ನಿದ್ದೆ ಕದ್ದು ಓದಿಸಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಮಲಗುವುದೇ ತಪ್ಪು ಎನ್ನುವವರಿಗೆ ಒಂದು ಮಾತು: ಬಿರುಗಾಳಿ ಎದ್ದಾಗಲೂ ಯೇಸುಸ್ವಾಮಿ ದೋಣಿಯಲ್ಲಿ ನಿದ್ರಿಸುತ್ತಿದ್ದರು ಅಂತ ಶುಭಸಂದೇಶದಲ್ಲೇ ಇದೆ.

ಇನ್ನು ಆಟದ ವಿಷಯ. ಈ ವಯಸ್ಸಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಜೋರಾಗುವಂತೆ ಮೈ ಆಡಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2016ರ ಲೆಕ್ಕದಂತೆ ಪ್ರಪಂಚದಲ್ಲಿ 11ರಿಂದ 17 ವರ್ಷದ 100 ಮಕ್ಕಳಲ್ಲಿ 81 ಮಂದಿ ಅಷ್ಟು ಮಾಡುತ್ತಿರಲಿಲ್ಲ. ಹುಡುಗಿಯರಲ್ಲಿ ಇನ್ನೂ ಹೆಚ್ಚು, 100ಕ್ಕೆ 85. ಏಕೆ ಅಂತ ನಮಗೆ ಗೊತ್ತಿಲ್ಲವೇ? ಖೋಖೋ, ಕುಂಟೆಬಿಲ್ಲೆ ಆಡ್ತಿದ್ದ ಹುಡುಗಿ ಮೈನೆರೆದ ಮರುದಿನವೇ "ಇನ್ನು ಕುಣಿದಿದ್ದು ಸಾಕು" ಅನ್ನಿಸಿಕೊಳ್ಳುತ್ತಾಳೆ. ಹೇಳುವವರು ನಾವೇ.

"ಮನೆ ಕೆಲಸ ಮಾಡ್ತಾಳಲ್ಲ, ಅದು ಸಾಲದೇ?" ಎಂದು ಕೇಳುತ್ತೀರಿ. ದೂರದಿಂದ ಕೊಡ ಹೊತ್ತು ತರುವುದು, ಗದ್ದೆ ಕೆಲಸ, ಶಾಲೆಗೆ ಬಿರುಸಾಗಿ ನಡೆಯುವುದು ಖಂಡಿತ ಲೆಕ್ಕಕ್ಕೆ ಬರುತ್ತದೆ. ಕೂತು ಪಾತ್ರೆ ತೊಳೆದರೆ, ಒಲೆ ಮುಂದೆ ನಿಂತರೆ ಉಸಿರು ಏರುವುದಿಲ್ಲ, ದಣಿವು ಮಾತ್ರ ಬರುತ್ತದೆ. ಹಾರುವುದು, ಓಡುವುದು, ಹಗ್ಗದಾಟ ಇವುಗಳಿಂದ ಮೂಳೆ ಗಟ್ಟಿಯಾಗುತ್ತದೆ, ಮೂಳೆ ಅತಿ ಹೆಚ್ಚು ತುಂಬಿಕೊಳ್ಳುವುದೂ ಈ ವಯಸ್ಸಿನಲ್ಲೇ. ಮುಟ್ಟಿನ ದಿನಗಳಲ್ಲಿ ಆಡಿದರೆ ಗರ್ಭಕೋಶಕ್ಕೆ ತೊಂದರೆ ಎನ್ನುವುದು ಸುಳ್ಳು. ಮೈ ಆಡಿಸಿದರೆ ಎಷ್ಟೋ ಹುಡುಗಿಯರಿಗೆ ಹೊಟ್ಟೆನೋವು ಕಡಿಮೆಯಾಗುತ್ತದೆ. ಆಗದಿದ್ದ ದಿನ ಸುಮ್ಮನೆ ಕೂರಲಿ, ಬಲವಂತ ಬೇಡ. ಸಂಜೆ ಆಡಿ ದಣಿದ ಮಗುವಿಗೆ ರಾತ್ರಿ ನಿದ್ದೆಯೂ ಚೆನ್ನಾಗಿ ಹತ್ತುತ್ತದೆ.

ನಿದ್ದೆ ಸರಿಯಾಗಿ ಮಾಡಿದ ಮೇಲೂ ಹುಡುಗಿ ಸುಸ್ತು ಸುಸ್ತು ಅಂದರೆ, ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟರೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 19 ವರ್ಷದ 100 ಹೆಣ್ಣುಮಕ್ಕಳಲ್ಲಿ 59 ಮಂದಿಗೆ ರಕ್ತಹೀನತೆ ಇತ್ತು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಊಟವಾದ ಮೇಲೆ ನುಂಗಲಿ, ಅದರ ಜೊತೆ ಟೀ ಬೇಡ.

ಆ ತಾಯಿ ಏನು ಮಾಡಿದರು ಅಂತ ಹೇಳಿ ಮುಗಿಸ್ತೀನಿ. ನೀರು ಹಿಡಿಯುವ ಕೆಲಸ ವಾರಕ್ಕೆ 3 ದಿನ ಮಗನಿಗೆ, 3 ದಿನ ಗಂಡನಿಗೆ, ಒಂದು ದಿನ ತನಗೆ. ರಾತ್ರಿ ಪಾತ್ರೆ ಬೆಳಿಗ್ಗೆಗೆ. ಟಿ.ವಿ. 9.30ಕ್ಕೆ ಬಂದ್, ಮೊಬೈಲ್ ಅಡಿಗೆಮನೆ ಶೆಲ್ಫಿನ ಮೇಲೆ. ಮಗ ಮೊದಲ ವಾರ ಗೊಣಗಿದನಂತೆ, ಗಂಡ ಎರಡು ವಾರ. ನೀವೂ ಮುಂದಿನ ಸಭೆಗೆ ಬರುವಾಗ ಮನೆಯಲ್ಲಿ ಯಾರು ಎಷ್ಟು ಗಂಟೆಗೆ ಮಲಗಿದರು, ಎಷ್ಟಕ್ಕೆ ಎದ್ದರು ಅಂತ 7 ದಿನದ್ದು ಬರೆದುಕೊಂಡು ಬನ್ನಿ. ಮಗನದು, ಮಗಳದು ಬೇರೆ ಬೇರೆ ಬರೆಯಿರಿ. ಬರೆಯಲು ಬಾರದವರು ಮಗಳ ಕೈಲೇ ಬರೆಸಿ.