ತಪ್ಪು ಹೊರುವುದು, ತಪ್ಪು ಹೊರಿಸುವುದು



ಈ ಹೊತ್ತಿನಲ್ಲಿ ಎಷ್ಟೋ ಮನೆಗಳ ಒಲೆಯ ಮೇಲೆ ಹಾಲು ಕಾಯುತ್ತಿರುತ್ತದೆ. ಒಂದು ಗಳಿಗೆ ಗಮನ ತಪ್ಪಿದರೆ ಸಾಕು, ಉಕ್ಕಿ ಹರಿಯುತ್ತದೆ. ಒರೆಸುವ ಬಟ್ಟೆ ಕೈಗೆ ಸಿಗುವ ಮೊದಲೇ ಮಾತು ಹೊರಟಿರುತ್ತದೆ: 'ನೋಡ್ಕೊ ಅಂದಿದ್ದೆನಲ್ಲ!' 'ನನಗೆಲ್ಲಿ ಹೇಳಿದಿರಿ?' ಚೆಲ್ಲಿದ್ದು ಅರ್ಧ ಲೋಟ ಹಾಲು. ಅಷ್ಟಕ್ಕೂ ಆ ತಪ್ಪು ನನ್ನ ತಲೆಯ ಮೇಲೆ ಉಳಿಯದೆ ಇನ್ನೊಬ್ಬರ ತಲೆಗೆ ದಾಟಿಬಿಡಲಿ ಎಂಬ ಅವಸರ ನಮಗೆ. ಕನ್ನಡದಲ್ಲಿ ಇದಕ್ಕೆ ಒಂದೇ ಬೇರಿನ ಎರಡು ಮಾತುಗಳಿವೆ: ತಪ್ಪು ಹೊರುವುದು, ತಪ್ಪು ಹೊರಿಸುವುದು. ಎಂಟು ನೂರು ವರ್ಷಗಳ ಹಿಂದೆ ನಮ್ಮ ಕವಿಯೊಬ್ಬ ಈ ಎರಡರ ನಡುವಿನ ದೂರವನ್ನು ಒಂದು ಕಥೆಯಲ್ಲಿ ಅಳೆದು ತೋರಿಸಿದ. ಅವನು ಜನ್ನ.

ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನ 'ಯಶೋಧರ ಚರಿತೆ'ಯನ್ನು ಬರೆದದ್ದು 1209ರಲ್ಲಿ. 300ಕ್ಕೆ ತುಸು ಹೆಚ್ಚು ಪದ್ಯಗಳ, ಬಹುಪಾಲು ಕಂದಗಳೇ ಇರುವ ಪುಟ್ಟ ಕಾವ್ಯ. ಕಥೆ ಹಳೆಯದು. ಸಂಸ್ಕೃತದಲ್ಲಿ ಸೋಮದೇವ, ವಾದಿರಾಜ, ಅಪಭ್ರಂಶದಲ್ಲಿ ಪುಷ್ಪದಂತ ಮೊದಲೇ ಹೇಳಿದ್ದರು. ಕನ್ನಡದವರ ಮನಸ್ಸಿನಲ್ಲಿ ನಿಂತದ್ದು ಮಾತ್ರ ಜನ್ನ ಹೇಳಿದ ರೀತಿ.

ಉಜ್ಜಯಿನಿಯ ಅರಸ ಯಶೋಧರ. ಅವನ ರಾಣಿ ಅಮೃತಮತಿ. ಒಂದು ದಿನ ಬೆಳಗಿನ ಜಾವ ಎಲ್ಲಿಂದಲೋ ತೇಲಿಬಂದ ಹಾಡಿಗೆ ರಾಣಿ ಮನಸೋಲುತ್ತಾಳೆ. ಹಾಡಿದವನು ಒಬ್ಬ ಮಾವುತ, ನೋಡಲು ಕುರೂಪಿ. ಒಲವು ಹುಟ್ಟಿದ ಮೇಲೆ ರೂಪದ ಮಾತೇಕೆ ಎಂಬುದು ಅವಳ ನಿಲುವು. ಒಂದು ರಾತ್ರಿ ಅರಸ ಅವಳ ಹಿಂದೆಯೇ ಹೋಗಿ ಎಲ್ಲವನ್ನೂ ಕಣ್ಣಾರೆ ಕಾಣುತ್ತಾನೆ. ಇಬ್ಬರನ್ನೂ ಕೊಲ್ಲಲು ಕತ್ತಿ ಎತ್ತುತ್ತಾನೆ, ತಡೆದುಕೊಳ್ಳುತ್ತಾನೆ, ಸದ್ದಿಲ್ಲದೆ ಮರಳಿ ಬರುತ್ತಾನೆ.

ಮರುದಿನ ತಾಯಿ ಚಂದ್ರಮತಿ ಮಗನ ಬಾಡಿದ ಮುಖ ನೋಡಿ ಏನಾಯಿತೆಂದು ಕೇಳುತ್ತಾಳೆ. ನಿಜ ಹೇಳಲು ನಾಲಗೆ ಏಳದೆ ಅವನು ಕೆಟ್ಟ ಕನಸು ಬಿತ್ತು ಎನ್ನುತ್ತಾನೆ. ತಾಯಿ ಕನಸನ್ನೇ ನಿಜವೆಂದು ನಂಬಿ ಹೆದರುತ್ತಾಳೆ. ದೇವಿಗೆ ಬಲಿ ಕೊಟ್ಟು ಶಾಂತಿ ಮಾಡಿಸು ಎಂದು ಹಟ ಹಿಡಿಯುತ್ತಾಳೆ. ಜೀವ ತೆಗೆಯಲಾರೆ ಎನ್ನುತ್ತಾನೆ ಮಗ. ಅವಳ ನಂಬಿಕೆಯೂ ಉಳಿಯಲಿ, ಇವನ ವ್ರತವೂ ಉಳಿಯಲಿ ಎಂದು ನಡುವೆ ಒಂದು ದಾರಿ ಹುಡುಕುತ್ತಾರೆ: ಹಿಟ್ಟಿನ ಕೋಳಿ. ಅರಸ ಕತ್ತಿ ಬೀಸುತ್ತಾನೆ. ಕತ್ತಿ ತಾಕಿದ ಕ್ಷಣ ಹಿಟ್ಟಿನ ಕೋಳಿ ಕೂಗುತ್ತದೆ.

ಆಮೇಲೆ ತಾಯಿ ಮಗ ಇಬ್ಬರೂ ಅಮೃತಮತಿ ಇಟ್ಟ ವಿಷಕ್ಕೆ ಬಲಿಯಾಗಿ ಪ್ರಾಣಿಗಳಾಗಿ ಹುಟ್ಟುತ್ತಾರೆ, ಸಾಯುತ್ತಾರೆ, ಮತ್ತೆ ಹುಟ್ಟುತ್ತಾರೆ. ಒಮ್ಮೆ ನವಿಲು ಮತ್ತು ನಾಯಿಯಾಗಿ ತಮ್ಮದೇ ಅರಮನೆಗೆ ಬರುತ್ತಾರೆ. ಕೊನೆಗೆ ಎರಡು ಕೋಳಿಗಳಾಗುತ್ತಾರೆ. ಮುನಿಯೊಬ್ಬರ ಧರ್ಮಬೋಧೆ ಕಿವಿಗೆ ಬಿದ್ದು ಹಿಂದಿನ ಜನ್ಮಗಳೆಲ್ಲ ನೆನಪಾದಾಗ ಆ ಕೋಳಿಗಳು ಸಂತೋಷದಿಂದ ಕೂಗುತ್ತವೆ. ಕೂಗು ಬಂದ ದಿಕ್ಕಿಗೆ ಬಾಣವೊಂದು ಹಾರಿಬರುತ್ತದೆ. ಬಿಟ್ಟವನು ಯಶೋಮತಿ, ಯಶೋಧರನ ಸ್ವಂತ ಮಗ.

ಈ ಕಾವ್ಯವನ್ನು ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದ್ದಳು, 'ಸರ್, ಹಿಟ್ಟು ಕತ್ತರಿಸಿದರೆ ನೋವಾದದ್ದು ಯಾರಿಗೆ?' ಅವತ್ತು ನಾನು ಪುಸ್ತಕದ ಉತ್ತರವನ್ನೇ ಕೊಟ್ಟೆ. ಜೈನಧರ್ಮ ಗೃಹಸ್ಥನ ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಅಡುಗೆ, ಮನೆಗೆಲಸಗಳಲ್ಲಿ ಆಗುವುದು ಒಂದು. ಬೇಸಾಯ, ವ್ಯಾಪಾರದಂಥ ಕಸುಬಿನಲ್ಲಿ ಆಗುವುದು ಇನ್ನೊಂದು. ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವಾಗ ಆಗುವುದು ಮೂರನೆಯದು. ಸಂಸಾರಿಯಾದವನು ಈ ಮೂರನ್ನೂ ಪೂರ್ತಿ ಬಿಡಲಾರ ಎಂಬುದನ್ನು ಆ ಧರ್ಮ ಬಲ್ಲದು. ನಾಲ್ಕನೆಯದು ಸಂಕಲ್ಪ ಹಿಂಸೆ, ಕೊಲ್ಲಬೇಕೆಂದು ಬಯಸಿಯೇ ಕೈ ಎತ್ತುವುದು. ಅದನ್ನು ಗೃಹಸ್ಥನೂ ಬಿಡಲೇಬೇಕು. ಯಶೋಧರನ ಕತ್ತಿಯ ಕೆಳಗೆ ಇದ್ದದ್ದು ಹಿಟ್ಟು, ಅವನ ಮನಸ್ಸಿನಲ್ಲಿ ಇದ್ದದ್ದು ಕೋಳಿ. ಹಿಟ್ಟಿಗೆ ನೋವಾಗಲಿಲ್ಲ, ಆದರೆ ಕೊಂದ ಮನಸ್ಸು ಕೊಂದ ಮನಸ್ಸೇ.

ಎಲ್ಲ ನಂಬಿಕೆಗಳೂ ಹೀಗೇ ಯೋಚಿಸುವುದಿಲ್ಲ. ಜನ್ನನಿಗಿಂತ ಸ್ವಲ್ಪ ಈಚಿನವರು ಮಧ್ವಾಚಾರ್ಯರು. ಅವರ ಸಂಪ್ರದಾಯದಲ್ಲಿ ಯಜ್ಞಕ್ಕೆ ಜೀವಂತ ಪಶುವಿನ ಬದಲು ಹಿಟ್ಟಿನ ಪಶು ಬಂತು, ಪಿಷ್ಟಪಶು ಎನ್ನುತ್ತಾರೆ. ಒಂದು ಜೀವ ಉಳಿಯಿತಲ್ಲ ಎಂಬ ಕರುಣೆ ಅಲ್ಲಿದೆ. ಕೊಲ್ಲುವ ಬಯಕೆ ಉಳಿಯಿತಲ್ಲ ಎಂಬ ಆತಂಕ ಇಲ್ಲಿದೆ. ನನಗೆ ಎರಡೂ ಪ್ರಾಮಾಣಿಕವಾಗಿಯೇ ಕಾಣುತ್ತವೆ. ಗಿರೀಶ ಕಾರ್ನಾಡರು 1980ರಲ್ಲಿ ಇದೇ ಕಥೆಯಿಂದ 'ಹಿಟ್ಟಿನ ಹುಂಜ' ನಾಟಕ ಬರೆದರು. ಆ ಹುಡುಗಿಯ ಪ್ರಶ್ನೆ ಇನ್ನೂ ತಣ್ಣಗಾಗಿಲ್ಲ ಎಂದೇ ಅರ್ಥ.

ವಯಸ್ಸಾದಂತೆ ನನ್ನ ಗಮನ ಹಿಟ್ಟಿನ ಕೋಳಿಯಿಂದ ಆ ಕಥೆ ಹೇಳುವವರ ಕಡೆಗೆ ಸರಿದಿದೆ. ಈ ಕಥೆಯನ್ನು ಹೇಳುವುದು ಯಾರು? ಯಶೋಧರ ಮತ್ತು ಚಂದ್ರಮತಿ ಕೊನೆಗೆ ಯಶೋಮತಿಯ ರಾಣಿಯ ಹೊಟ್ಟೆಯಲ್ಲಿ ಅವಳಿಗಳಾಗಿ ಹುಟ್ಟುತ್ತಾರೆ. ಅಣ್ಣ ಅಭಯರುಚಿ, ತಂಗಿ ಅಭಯಮತಿ. ಎಳೆಯ ವಯಸ್ಸಿನಲ್ಲೇ ವ್ರತ ಹಿಡಿದ ಆ ಮಕ್ಕಳು ಚರಿಗೆಗೆ, ಅಂದರೆ ಭಿಕ್ಷೆಗೆ, ಹೊರಟಾಗ ರಾಜ ಮಾರಿದತ್ತನ ಕಡೆಯವರು ಹಿಡಿದು ತರುತ್ತಾರೆ. ಮಾರಿಯ ಗುಡಿಯಲ್ಲಿ ನರಬಲಿ ಆಗಬೇಕಿದೆ. ಅಂಥ ಜಾಗದಲ್ಲಿ ನಿಂತ ಅಭಯರುಚಿ, ತನ್ನನ್ನು ಕಡಿಯಲಿರುವ ರಾಜನಿಗೆ ಧರ್ಮದಿಂದ ನೆಲವನ್ನು ಆಳು ಎಂದು ಹರಸುತ್ತಾನೆ. ಈ ಧೈರ್ಯ ಎಲ್ಲಿಂದ ಬಂತೆಂದು ರಾಜ ಬೆರಗಾಗಿ ಕೇಳಿದಾಗ ಹುಡುಗ ತನ್ನ ಕಥೆ ಶುರುಮಾಡುತ್ತಾನೆ.

ಆ ಕಥೆಯಲ್ಲಿ ತಪ್ಪು ಹೊರಿಸಲು ಎಷ್ಟು ತಲೆಗಳಿದ್ದವು ನೋಡಿ. ಹೆಂಡತಿ ವಂಚಿಸಿದಳು. ತಾಯಿ ಬಲವಂತ ಮಾಡಿದಳು, ಆ ತಾಯಿ ಈಗ ತಂಗಿಯಾಗಿ ಪಕ್ಕದಲ್ಲೇ ನಿಂತಿದ್ದಾಳೆ. ಕಡಿದದ್ದೂ ಬರೀ ಹಿಟ್ಟು. ಅಭಯರುಚಿ ಅಮೃತಮತಿಯ ತಪ್ಪನ್ನು ಮುಚ್ಚಿಡುವುದಿಲ್ಲ. ಅವಳು ವಿಷವಿಟ್ಟದ್ದನ್ನು ವಿಷ ಎಂದೇ ಹೇಳುತ್ತಾನೆ. ಆದರೆ ತಾನು ಜನ್ಮಜನ್ಮ ಪಟ್ಟ ಪಾಡಿಗೆ ಅವಳನ್ನಾಗಲಿ ತಾಯಿಯನ್ನಾಗಲಿ ಕಾರಣ ಮಾಡದೆ, ತನ್ನ ಕೈ ಬೀಸಿದ ಕತ್ತಿಯನ್ನೇ ತೋರಿಸುತ್ತಾನೆ. ಹಿಟ್ಟಿನ ಒಂದು ಕೋಳಿಗೆ ನಮ್ಮ ಪಾಡು ಇದಾದರೆ, ಇಷ್ಟೊಂದು ಜೀವಗಳನ್ನು ಕಡಿಸುವ ನಿನ್ನ ಪಾಡೇನು ಎಂಬ ಪ್ರಶ್ನೆ ಆಗ ರಾಜನ ಎದೆಯನ್ನು ತಾಗುತ್ತದೆ. 'ನೀನು ಪಾಪಿ' ಎಂದು ಹುಡುಗ ಮೊದಲೇ ಕೂಗಿದ್ದರೆ ಮಾರಿದತ್ತ ಒಂದು ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲವೇನೋ. ತನ್ನ ತಪ್ಪನ್ನು ತಾನೇ ಹೊತ್ತು ನಿಂತವನ ಮಾತಿಗೆ ಅವನ ಮನಸ್ಸು ಕರಗುತ್ತದೆ. ಬಲಿ ನಿಲ್ಲುತ್ತದೆ.

ನಮ್ಮಲ್ಲಿ ಒಂದು ಗಾದೆ ಇದೆ, 'ಮಾಡಿದ್ದುಣ್ಣೋ ಮಹರಾಯ'. ಇದನ್ನು ತನಗೆ ತಾನೇ ಹೇಳಿಕೊಂಡವರನ್ನು ನಾನು ಕಂಡದ್ದು ಕಡಿಮೆ. ಹೇಳುವುದೆಲ್ಲ ಎದುರಿನವರಿಗೆ. ನಮ್ಮ ಬೀದಿಯಲ್ಲಿ ಒಬ್ಬ ತಾಯಿ ಇದ್ದರು. ಅವರ ಮಗುವಿಗೆ ಹುಟ್ಟಿನಿಂದಲೇ ನಡೆಯಲು ಬಾರದು. ನೋಡಲು ಬಂದವರೊಬ್ಬರು ಕಾಫಿ ಲೋಟ ಕೆಳಗಿಡುತ್ತ, 'ಯಾವ ಜನ್ಮದ ಕರ್ಮವೋ ಏನೋ' ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಆ ತಾಯಿ ತಲೆ ತಗ್ಗಿಸಿ ಮಗುವಿನ ಕಾಲಿಗೆ ಹೊದಿಕೆ ಎಳೆದದ್ದನ್ನು ನಾನು ಮರೆತಿಲ್ಲ. ಅವತ್ತು ಹಾಗಲ್ಲ ಎಂದು ಹೇಳದೆ ಸುಮ್ಮನಿದ್ದೆನಲ್ಲ, ಆ ಮೌನ ನನ್ನ ಪಾಲಿನ ತಪ್ಪು.

ಅಭಯರುಚಿ ಕರ್ಮದ ಮಾತನ್ನು ಆಡುವುದು ತನ್ನ ಬಗ್ಗೆ. ನಾವು ಅದೇ ಮಾತನ್ನು ಕಷ್ಟದಲ್ಲಿರುವವರ ಬಗ್ಗೆ ಆಡುತ್ತೇವೆ. ತನಗೆ ಹೇಳಿಕೊಂಡಾಗ ತಿದ್ದಿಕೊಳ್ಳುವ ದಾರಿಯಾಗುವ ನಂಬಿಕೆ, ನೊಂದವರ ಮೇಲೆ ಹೊರಿಸಿದಾಗ ಕ್ರೌರ್ಯವಾಗುತ್ತದೆ. ಹಾಗೆಂದು ತಪ್ಪು ಹೊರುವುದೆಂದರೆ ಊರಿನವರ ತಪ್ಪನ್ನೆಲ್ಲ ನಮ್ಮ ತಲೆಗೆ ಎಳೆದುಕೊಳ್ಳುವುದಲ್ಲ. ಹೊಡೆಸಿಕೊಂಡವರು ಹೊಡೆದವರ ಹೊಣೆಯನ್ನು ಹೊರಬೇಕಾಗಿಲ್ಲ. ನಮ್ಮ ಕೈ ಬೀಸಿದ್ದು ಎಷ್ಟೋ ಅಷ್ಟನ್ನು, ಅದು ಹಿಟ್ಟಿನಷ್ಟೇ ಹಗುರವಾಗಿದ್ದರೂ, ನಮ್ಮದು ಎಂದು ಒಪ್ಪಿಕೊಂಡರೆ ಸಾಕು.

ಇವತ್ತು ಮನೆಯಲ್ಲೋ ಕಚೇರಿಯಲ್ಲೋ 'ಯಾರ ತಪ್ಪು?' ಎಂಬ ಪ್ರಶ್ನೆ ಏಳದೆ ಇರುವುದಿಲ್ಲ. ಆಗ ಬೇರೆಯವರ ಹೆಸರು ನಾಲಗೆಗೆ ಬರುವ ಮೊದಲು, ಇದರಲ್ಲಿ ನನ್ನ ಪಾಲು ಇಷ್ಟು ಎಂದು ಒಮ್ಮೆ ಹೇಳಿ ನೋಡೋಣ. ಹಾಗೆಯೇ, ನೋವಿನಲ್ಲಿರುವವರ ಮನೆಗೆ ಹೋದಾಗ ಅವರ ಕರ್ಮದ ಲೆಕ್ಕ ತೆಗೆಯದೆ, ಪಕ್ಕದಲ್ಲಿ ಕುಳಿತು ಒಂದಿಷ್ಟು ಹೊತ್ತು ಆ ಮಗುವನ್ನು ಎತ್ತಿಕೊಳ್ಳೋಣ.